ಸೊರಬದವನಾದ ಇಂಗ್ಲಿಷ್ ಸಾಹುಕಾರ

ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಒಬ್ಬನ ಮೇಲೆ ನನಗಿದ್ದಷ್ಟು ಸಿಟ್ಟು ಆಮೇಲೆ ಯಾರ ಮೇಲೂ ಬಂದಿಲ್ಲ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವನು ಸೊರಬದಲ್ಲಿ ಜವಳಿ ಅಂಗಡಿ ಇಟ್ಟವನು. ಕುಪ್ಪಗಡ್ಡೆಯ ನಮ್ಮ ತವರಿಗೆ ಬಂದು, ಉಪ್ಪಿಟ್ಟು ತಿಂದು, ನನ್ನ ತಂಗಿಯನ್ನು ಒಪ್ಪಿ, ನಿಶ್ಚಯದ ವೀಳ್ಯ ಹಿಡಿದುಕೊಂಡು ಹೋದ. ಅಷ್ಟರಲ್ಲಿ ಶಿಕಾರಿಪುರದ ದೊಡ್ಡ ಮನೆಯೊಂದರ ಹೆಣ್ಣು ಕುದುರುವ ಹಾಗೆ ಕಂಡಿತು. ಸುಮ್ಮನೆ ಬೇಡ ಅಂದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. 'ಹುಡುಗಿಗೆ ಮೂರ್ಛೆ ರೋಗ' ಅಂತ ಊರೆಲ್ಲ ಹಬ್ಬಿಸಿಬಿಟ್ಟ. ಆಮೇಲೆ ತಂಗಿಯನ್ನು ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ.

ಅಕ್ಕಪಕ್ಕದ ಬೀದಿಯ ಹೆಂಗಸರು ಮಧ್ಯಾಹ್ನ ನಮ್ಮತ್ತೆಯ ಪಡಸಾಲೆಯಲ್ಲಿ ಹಪ್ಪಳ ಲಟ್ಟಿಸಲು ಸೇರುತ್ತಿದ್ದರು. ಹೈಸ್ಕೂಲು ಕಂಡವಳು ಅಂತ ನನಗೆ ಕಥೆ ಹೇಳುವ ಕೆಲಸ. ಆಗ ನಾನು ಓದುತ್ತಿದ್ದದ್ದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿ. ಅದರಲ್ಲೂ ಒಬ್ಬ ಸಾಹುಕಾರ, ಮಾತು ಕೊಟ್ಟ ಹುಡುಗಿಯನ್ನು ಕೈಬಿಡುತ್ತಾನೆ. ಹೂದೋಟದಲ್ಲಿ ಅವಳ ಜೊತೆ ಅಡ್ಡಾಡುತ್ತಾ, ಟೋಪಿ ತೆಗೆದು, 'ನನ್ನದೇ ತಪ್ಪು, ಕ್ಷಮಿಸಬೇಕು' ಅಂದು ಹೊರಟುಹೋಗುತ್ತಾನೆ. ಅವಳು ಅಳುತ್ತಾ ಚಿಕ್ಕಮ್ಮನ ಮನೆ ಸೇರುತ್ತಾಳೆ. ಅಷ್ಟೇ.

ಅಷ್ಟೇ ಅಂದರೆ ನಮ್ಮ ಹೆಂಗಸರು ಬಿಡಬೇಕಲ್ಲ!

"ಅಯ್ಯೋ ಶಿವನೇ, ಲಗ್ನಕ್ಕೆ ಮುಂಚೆ ಇಬ್ರೇ ತೋಟ ತಿರುಗಿದ್ರಾ? ಅವಳ ಅಪ್ಪ ಅಮ್ಮ ಏನ್ ಮಾಡ್ತಿದ್ರು?" ಅಂದರು ಎದುರುಮನೆ ಅಜ್ಜಿ.

ತೋಟ ತೆಗೆದೆ. ಹುಡುಗಿಯನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ ಕೈಗೆ ಕಾಫಿ ಕೊಟ್ಟೆ.

"ಗಂಡಸು ತಾನಾಗೇ ಹಂಗ್ ಮಾಡಲ್ಲ ಬಿಡೇ. ಮನೇಲಿ ಯಾರೋ ಕಿವಿ ಊದಿರ್ಬೇಕು," ಅಂದರು ನಮ್ಮತ್ತೆ.

ಪುಸ್ತಕದ ಸಾಹುಕಾರನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನಿಗೊಬ್ಬ ಅಕ್ಕನನ್ನು ಹುಟ್ಟಿಸಿದೆ. ಸೊರಬದವನಿಗೆ ಅಂಥ ಅಕ್ಕ ಇದ್ದಳು. ಅವಳ ಮುಖ ನೋಡದೆ ಅವನು ಹೂಂ ಅಂದವನಲ್ಲ.

ಆಮೇಲೆ ನಮ್ಮ ಕಡೆ ಯಾವ ಕಥೆಗೂ ತಪ್ಪದ ಪ್ರಶ್ನೆ ಬಂತು. "ಯಾವೂರವನೇ ಅವ್ನು? ಯಾರ ಪೈಕಿ?" ಊರು ಗೊತ್ತಿಲ್ಲದವನನ್ನು ನಮ್ಮವರು ಮನುಷ್ಯ ಅಂತಲೇ ಎಣಿಸುವುದಿಲ್ಲ. ಲಂಡನ್ನು ಅನ್ನಬಹುದಿತ್ತು. ಕೇಳಿದವಳು ಯಾರು ಅಂತ ನೋಡಿದೆ. ಹಿಂದಿನ ಬೀದಿಯಿಂದ ಬರುತ್ತಿದ್ದವಳು, ಆ ಜವಳಿಯವನು ಹೊಸದಾಗಿ ಗೊತ್ತುಮಾಡಿಕೊಂಡ ಹೆಣ್ಣಿನ ಸೋದರತ್ತೆ.

"ಸೊರಬದವನು," ಅಂದೆ.

ಅಲ್ಲಿಗೆ ನನ್ನ ನಾಲಿಗೆ ನಿಲ್ಲಲಿಲ್ಲ, ನಿಲ್ಲಿಸುವ ಮನಸ್ಸೂ ಇರಲಿಲ್ಲ. ಸಾಹುಕಾರನ ಬೆತ್ತ ಕಸಿದು ಜವಳಿಯವನ ನಶ್ಯದ ಡಬ್ಬಿ ಕೊಟ್ಟೆ. ಮಾತಿಗೆ ಮುಂಚೆ ಮುಚ್ಚಳ ಟಕಟಕ ಕುಟ್ಟುವ ಅವನ ಚಾಳಿಯನ್ನೂ ಕೊಟ್ಟೆ. ಟೋಪಿ ತೆಗೆದು ತಪ್ಪೊಪ್ಪುವ ಮರ್ಯಾದೆ ಮಾತ್ರ ಕೊಡಲಿಲ್ಲ. ನಮ್ಮ ಕಡೆ ಗಂಡು ಬೇಡವೆಂದರೆ ಐಬು ಹೆಣ್ಣಿನಲ್ಲೇ ಇರಬೇಕು. ಹಾಗಾಗಿ ಕಥೆಯ ಹುಡುಗಿಗೆ ಮೂರ್ಛೆ ಅಂತ ಅವನು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದ. ಹೇಳುವಾಗ ನನ್ನ ಮೈ ಉರಿಯುತ್ತಿತ್ತು. ಸೋದರತ್ತೆಯ ಲಟ್ಟಣಿಗೆ ನಿಂತೇಹೋಯಿತು.

"ಮೂರ್ಛೆ ನಿಜಾನಾ?"

"ಹಸಿ ಸುಳ್ಳು ಕಣ್ರೀ."

ಅವಳು ಎದ್ದು ಕೈ ತೊಳೆದು ಹೊರಟುಹೋದಳು. ಆ ವಾರವೇ ಆ ಸಂಬಂಧ ಮುರಿಯಿತು. ಆಹಾ, ಎಂಥ ಖುಷಿ! ಸುದ್ದಿ ಹರಡಿ ಸೊರಬ, ಶಿಕಾರಿಪುರ ಎರಡೂ ಊರಿನಲ್ಲಿ ಅವನಿಗೆ ಹೆಣ್ಣು ಕೊಡುವವರೇ ಇಲ್ಲವಾದರು.

ಆದರೆ ಪುಸ್ತಕದ ಕೊನೆಯಲ್ಲಿ ಸಾಹುಕಾರ ಬಾಡಿದ ಮುಖ ಹೊತ್ತು ವಾಪಸು ಬರುತ್ತಾನೆ, ಹುಡುಗಿ ಕ್ಷಮಿಸಿ ಅವನನ್ನೇ ಮದುವೆಯಾಗುತ್ತಾಳೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಾಳಾದವನು, ಪುಸ್ತಕ ಓದಿದವನ ಹಾಗೆ, ದೀಪಾವಳಿ ಕಳೆದ ಮೇಲೆ ಅಕ್ಕನನ್ನು ಕರೆದುಕೊಂಡು ಕುಪ್ಪಗಡ್ಡೆಗೆ ಬಂದೇಬಿಟ್ಟ! ನಾನು ಹಬ್ಬಕ್ಕೆ ಹೋದವಳು ಅಲ್ಲೇ ಇದ್ದೆ. ಇವನನ್ನು ಬಿಟ್ಟರೆ ಇನ್ಯಾರೂ ಬರುವುದಿಲ್ಲ ಅನ್ನುವ ಹೆದರಿಕೆಗೆ ಅಪ್ಪಯ್ಯ ಹೊಸ ಚಾಪೆ ಹಾಸಿದರು.

"ಆಗಿದ್ದು ಆಗೋಯ್ತು ಮಾವ, ಹುಡ್ಗೀನ ನಾವೇ ತುಂಬಿಸ್ಕೊಳ್ತೀವಿ," ಅಂದಳು ಅವನ ಅಕ್ಕ, ದೊಡ್ಡ ಉಪಕಾರ ಮಾಡುವವಳ ಹಾಗೆ. ಅಪ್ಪಯ್ಯ ವೀಳ್ಯದ ತಟ್ಟೆಗೆ ಕೈ ಚಾಚಿದರು. ನನಗೆ ಚೀರಬೇಕೆನಿಸಿತು. ಕೊಟ್ಟ ಮಗಳಿಗೆ ಅಲ್ಲಿ ಮಾತಿರಲಿಲ್ಲ.

ತಂಗಿ ಒಳಗಿನಿಂದ ಬಂದು ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

"ಮದ್ವೆ ಇಲ್ದೇ ಇರ್ತೀನಿ ಅಪ್ಪಯ್ಯ. ಇವ್ರ ಮನೆಗೆ ಹೋಗಲ್ಲ."

ಅವನ ಅಕ್ಕ ಬಾಯಿ ತೆರೆದಳು. "ನೀವು ಸುಮ್ನಿರಿ. ನಂಗೆ ಮೂರ್ಛೆ ಅಂದಿದ್ದು ಸುಳ್ಳು ಅಂತ ನಿಮ್ಮ ತಮ್ಮನೇ ಬಾಯ್ಬಿಟ್ಟು ಹೇಳ್ಲಿ, ಆಮೇಲೆ ನೋಡಣ," ಅಂದಳು ತಂಗಿ.

ಅವನು ನಶ್ಯದ ಡಬ್ಬಿಯ ಮುಚ್ಚಳ ಕುಟ್ಟುತ್ತಾ ಅಕ್ಕನ ಮುಖ ನೋಡಿದ. ಇಬ್ಬರೂ ಎದ್ದುಹೋದರು. ತಂಗಿಗೆ ನಾನೇ ಹೇಳಿಕೊಟ್ಟೆ ಅಂತ ಅಪ್ಪಯ್ಯ ಬಹಳ ಕಾಲ ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟರು.

ತಂಗಿಗೆ ಕೊನೆಗೂ ಮದುವೆಯಾಗಲಿಲ್ಲ. ಎಷ್ಟೋ ವರ್ಷದ ಮೇಲೆ ಅವನು ಸತ್ತ ಸುದ್ದಿ ಬಂದ ದಿನ ಅವಳು ಪಾಯಸ ಮಾಡಿದಳು. ನಾನು ಮತ್ತೆ ಬಡಿಸಿಕೊಂಡು ತಿಂದೆ.