ಕೊರಳಿಗೆ ಹಾಕಿಕೊಂಡ ವೈರು

೧೯೯೯ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ತರಗತಿ ಅರ್ಧ ಮುಗಿದಿತ್ತು. ಯಾಕೆ ಬಿಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಯಾರ ಕನಿಕರವನ್ನೂ ನಾನು ಕೇಳಿದವನಲ್ಲ. ಆಮೇಲೆ ಕಲಿತದ್ದು ಕರೆಂಟಿನ ಕೆಲಸ, ಅದರ ಬೆನ್ನಿಗೆ ಕಂಪ್ಯೂಟರ್ ರಿಪೇರಿ. ಈ ಕೆಲಸ ಮಾಡುವವನಿಗೆ ದೆವ್ವ ಭೂತಗಳ ಮೇಲೆ ನಂಬಿಕೆ ಬರುವುದು ಕಷ್ಟ. ಕರೆಂಟು ವೈರಿನಲ್ಲಿ ಬರುತ್ತದೆ, ವೈರು ಕಿತ್ತರೆ ಬರುವುದಿಲ್ಲ. ಇಷ್ಟೇ ನನಗೆ ಗೊತ್ತಿದ್ದದ್ದು. ಯಾರಾದರೂ ತಾವು ಕಂಡದ್ದು, ಕೇಳಿದ್ದು ಅಂತ ಕಥೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನೀವು ಎದ್ದು ಹೋದರೂ ನನ್ನ ತಕರಾರಿಲ್ಲ.

ನಮ್ಮೂರು ಬಿಳಗಿ. ಶಾಲೆ ಬಿಟ್ಟವನು ಕಿರವತ್ತಿಯ ಒಂದು ಢಾಬಾದಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದೆ. ಅಲ್ಲಿಯ ಕೆಟ್ಟ ರೇಡಿಯೋವನ್ನು ನಾನು ಬಿಚ್ಚಿ ಕೂತಿದ್ದಾಗ, ಚಹಾ ಕುಡಿಯಲು ಬಂದ ಒಬ್ಬರು ನೋಡಿದರು. ಹೆದ್ದಾರಿಯ ಬದಿಯಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಮರುದಿನವೇ ನನ್ನನ್ನು ಕರೆದುಕೊಂಡರು. ನಾನು ಅವರನ್ನು ಉಸ್ತಾದ್ ಅನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಅನ್ನುತ್ತಿದ್ದರು. ಹತ್ತು ವರ್ಷ ಅವರ ಮನೆಯ ಅನ್ನ ಉಂಡಿದ್ದೇನೆ.

ಕಂಪ್ಯೂಟರ್ ಬಿಚ್ಚುವುದಕ್ಕೆ ಅವರದ್ದೊಂದು ಕ್ರಮ ಇತ್ತು. ಸ್ವಿಚ್ ತೆಗೆದರೆ ಸಾಲದು, ಪವರ್ ವೈರನ್ನು ಎರಡೂ ಕಡೆಯಿಂದ ಕಿತ್ತು ಕೊರಳಿಗೆ ಹಾಕಿಕೊಳ್ಳಬೇಕು. ಆಮೇಲೆ ಪವರ್ ಬಟನ್ ಒತ್ತಿ ಹಿಡಿದು ಹತ್ತು ಎಣಿಸಬೇಕು, ಒಳಗೆ ಉಳಿದ ಕರೆಂಟು ಇಳಿಯಲಿ ಅಂತ. ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ ನಂತರವೇ ಕೈ ಹಾಕಬೇಕು, ಮೈಯಲ್ಲಿಯ ಕರೆಂಟಿನಿಂದ ಒಳಗಿನ ಭಾಗಗಳು ಸುಡಬಾರದು ಅಂತ.

"ವೈರ್ ಗ್ವಾಡ್ಯಾಗ ಇದ್ರ ಯಾರರ ಬಂದು ಸ್ವಿಚ್ ಹಾಕ್ತಾರ," ಅನ್ನುತ್ತಿದ್ದರು. "ನಿನ್ನ ಕೊರಳಾಗ ಇದ್ರ ನಿನ್ನ ಕೇಳಬೇಕಲ್ಲೋ ಬೇಟಾ."

ಮುಂದೆ ಶಿರಸಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಒಂದು ದೊಡ್ಡ ಆಫೀಸಿನ ಹನ್ನೆರಡು ಕಂಪ್ಯೂಟರುಗಳ ಕೆಲಸ ಸಿಕ್ಕಿತು. ಮೊದಲ ದಿನ ನಾನು ಕೊರಳಲ್ಲಿ ವೈರು ಹಾಕಿಕೊಂಡು ಕೂತದ್ದನ್ನು ನೋಡಿ ಅಲ್ಲಿಯ ಮ್ಯಾನೇಜರು ತಮ್ಮವರಿಗೆ ಹೇಳಿದರು: "ಎಲ್ಲ ಎದ್ದ್ ನಿಂತ್ಕಳಿ ಮಾರಾಯ್ರಾ! ಒಂಬತ್ತನೇ ಕ್ಲಾಸಿನ ಡಾಕ್ಟ್ರು ಬಂದ್ರು. ಸ್ಟೆತಸ್ಕೋಪು ಕುತ್ತಿಗೇಲೇ ಇದ್ದು."

ಆಫೀಸು ಪೂರ್ತಿ ನಕ್ಕಿತು. ನಾನೂ ನಕ್ಕೆ. ಮರುದಿನದಿಂದ ವೈರು ಕೊರಳಿಗೆ ಹಾಕುವುದನ್ನು ಬಿಟ್ಟೆ.

ಕೆಲವು ವರ್ಷ ಹಾಗೇ ನಡೆಯಿತು. ಒಂದು ದಿನ ಉಸ್ತಾದರು ಕಣ್ಣು ತೋರಿಸಲು ಶಿರಸಿಗೆ ಬಂದವರು ನನ್ನನ್ನು ಹುಡುಕಿಕೊಂಡು ಆ ಆಫೀಸಿಗೇ ಬಂದರು. ನನ್ನ ಎರಡೂ ಕೈ ಪೆಟ್ಟಿಗೆಯ ಒಳಗಿದ್ದವು.

"ವೈರ್ ಎಲ್ಲೈತಿ?" ಅಂದರು.

"ಸ್ವಿಚ್ ತೆಗ್ದಿದ್ದೆ, ಉಸ್ತಾದ್."

"ಯಾರರ ಹಾಕಿದ್ರ?"

ಅವರೇ ಬಗ್ಗಿ ವೈರು ಕಿತ್ತರು. ಎಲ್ಲರ ಎದುರಿಗೆ, ಸಣ್ಣ ಮಕ್ಕಳಿಗೆ ಅಂಗಿ ಹಾಕುವ ಹಾಗೆ ನನ್ನ ಕೊರಳಿಗೆ ಹಾಕಲು ಬಂದರು. ಮ್ಯಾನೇಜರು ತಲೆಯೆತ್ತಿ ನೋಡುತ್ತಿದ್ದರು. ನಾನು ಉಸ್ತಾದರ ಕೈ ತಳ್ಳಿದೆ. "ನಿಮ್ದು ರೇಡಿಯೋ ಕಾಲದ ಪಾಠ. ಇಲ್ಲಿ ನನ್ನ ಮರ್ಯಾದೆ ತೆಗೀಬೇಡಿ," ಅಂದೆ.

ಅವರು ವೈರನ್ನು ನೀಟಾಗಿ ಸುತ್ತಿ ಮೇಜಿನ ಮೇಲೆ ಇಟ್ಟರು. "ಆತು, ಸಾಹೇಬ್ರ," ಅಂದು ಹೊರಟುಹೋದರು. ಅದಕ್ಕೆ ಮೊದಲು ಒಂದು ದಿನವೂ ಅವರು ನನ್ನನ್ನು ಸಾಹೇಬ್ರ ಅಂದವರಲ್ಲ.

ಮುಂದಿನ ವರ್ಷ ಅವರು ಹಾಸಿಗೆ ಹಿಡಿದರು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದರು, ಒಮ್ಮೆ ಬಂದು ಹೋಗಲಿ ಅಂತ. ಮೊದಲ ಸಲ ನಿಜವಾಗಿ ಕೆಲಸ ಇತ್ತು. ಎರಡನೇ ಸಲ ಕೆಲಸ ಹುಟ್ಟಿಸಿಕೊಂಡೆ. ಅವರು ತೀರಿಕೊಂಡದ್ದು ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣಾಗಿ ಎರಡು ದಿನ ಆಗಿತ್ತು.

ಎರಡು ತಿಂಗಳ ಮೇಲೆ ಅವರ ಮಗಳು ಶಬಾನಾಳ ಫೋನು ಬಂತು. ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಳು. ಝೆರಾಕ್ಸು, ಅರ್ಜಿ ತುಂಬುವುದು. "ಕಂಪ್ಯೂಟರ್ ಚಾಲೂ ಆಗವಲ್ದು. ಅದಕ್ಕ ಬ್ಯಾರೆ ಯಾರೂ ಕೈ ಹಾಕಬಾರದಂತ ಅಬ್ಬಾ ಹೇಳಿದ್ರು. ಬರೂದಾದ್ರ ಬರ್ರಿ."

ಮರುದಿನ ಮಧ್ಯಾಹ್ನ ಹೋದೆ. ಕೂತುಕೊಳ್ಳಿ ಅಂತ ಅವಳು ಹೇಳಲಿಲ್ಲ. ಉಸ್ತಾದರ ಹೆಂಡತಿ, ನಾನು ಚಾಚಿ ಅನ್ನುತ್ತಿದ್ದವರು, ಒಳಬಾಗಿಲಲ್ಲಿ ನಿಂತಿದ್ದರು. ನನಗೆ ಕೇಳಬೇಕಾದ್ದು ಒಂದೇ ಇತ್ತು, ಅದನ್ನೇ ಕೇಳಿದೆ: "ಉಸ್ತಾದ್ರು ನನ್ನ ಯಾಕೆ ಕರೆದಿದ್ರು, ಚಾಚಿ? ಎಂತಾರೂ ಹೇಳಿದ್ರಾ?"

ಚಾಚಿ ಸೆರಗು ಬಾಯಿಗೆ ಇಟ್ಟುಕೊಂಡರು. ಶಬಾನಾ ಅಂದಳು, "ಮೊದ್ಲ ಕೆಲಸ ಮಾಡ್ರಿ."

ಲಕ್ಷಣ ನೋಡಿದರೆ ಕಂಪ್ಯೂಟರಿನ ನೆನಪಿನ ಪಟ್ಟಿ, ಅಂದರೆ ರ್‍ಯಾಮ್ ಕೆಟ್ಟ ಹಾಗಿತ್ತು. ಹೊಸದೊಂದು ತಂದಿದ್ದೆ. ಸ್ವಿಚ್ ತೆಗೆದು, ಪೆಟ್ಟಿಗೆಯ ಬದಿಯ ತಗಡು ಬಿಚ್ಚಿ ಒಳಗೆ ಕೈ ಹಾಕಲು ಹೊರಟೆ.

"ವೈರ್ ಹಂಗ ಐತಿ," ಅಂದಳು ಶಬಾನಾ. "ಮರ್ತ್ರೇನು, ಸಾಹೇಬ್ರ?"

ಆ ಮಾತು ಇವಳ ಬಾಯಿಗೆ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ವೈರು ಕಿತ್ತು ಕೊರಳಿಗೆ ಹಾಕಿಕೊಂಡೆ. ಅದರ ಪ್ಲಗ್ಗಿನ ಹತ್ತಿರ ಕೆಂಪು ಟೇಪು ಸುತ್ತಿತ್ತು, ಹಿಂದೆ ನಾನೇ ಸುತ್ತಿದ್ದು. ಬಟನ್ ಒತ್ತಿ ಹಿಡಿದು ಹತ್ತು ಎಣಿಸಿದೆ. ಲೋಹ ಮುಟ್ಟಿದೆ. ರ್‍ಯಾಮಿನ ಎರಡು ಬದಿಯ ಹಿಡಿಕೆ ಬಿಡಿಸಿ ಅದನ್ನು ಹೊರಗೆ ತೆಗೆದು ಎಡಗೈಯಲ್ಲಿ ಹಿಡಿದುಕೊಂಡೆ.

ಆಗ ಪೆಟ್ಟಿಗೆಯ ಮುಂದಿನ ಹಸಿರು ದೀಪ ಹತ್ತಿತು. ಒಳಗಿನ ಫ್ಯಾನು ತಿರುಗತೊಡಗಿತು. ಒಂದೇ ಒಂದು ಸಣ್ಣ ಬೀಪ್ ಬಂತು. ಎಲ್ಲ ಸರಿಯಾಗಿದೆ ಅಂದಾಗ ಕಂಪ್ಯೂಟರ್ ಕೊಡುವ ಬೀಪ್ ಅದು. ರ್‍ಯಾಮ್ ಇಲ್ಲದ ಯಂತ್ರ ಅರಚಿಕೊಳ್ಳುತ್ತದೆಯೇ ಹೊರತು ಆ ಬೀಪ್ ಕೊಡುವುದಿಲ್ಲ. ರ್‍ಯಾಮ್ ನನ್ನ ಅಂಗೈಯಲ್ಲಿತ್ತು. ನಾನು ಎದೆ ಮುಟ್ಟಿ ನೋಡಿಕೊಂಡೆ. ವೈರಿನ ಎರಡೂ ತುದಿ ಅಲ್ಲೇ ನೇತಾಡುತ್ತಿದ್ದವು.

"ಯಾರ ಚಾಲೂ ಮಾಡಿದ್ರು?" ಅಂತ ಚಾಚಿ ಮುಂದೆ ಬಂದರು. ಫ್ಯಾನು ಅರ್ಧ ನಿಮಿಷವಾದರೂ ತಿರುಗಿರಬೇಕು. ಆಮೇಲೆ ದೀಪ ಆರಿತು, ಫ್ಯಾನು ನಿಧಾನವಾಗಿ ನಿಂತಿತು.

ಶಬಾನಾ ನನ್ನ ಕಡೆ ತಿರುಗಿದಳು. "ಯಾಕ ಕರದ್ರು ಅಂತ ನಮಗೂ ಹೇಳಲಿಲ್ರಿ. ಬೈಯಾಕ ಕರದ್ರೋ, ಬಿಟ್ಟಬಿಡು ಅನ್ನಾಕ ಕರದ್ರೋ. ಬಂದಿದ್ರ ನಿಮಗ ಗೊತ್ತಾಗ್ತಿತ್ತು."

ಹೊಸ ರ್‍ಯಾಮ್ ಹಾಕಿದೆ. ತಗಡು ಮುಚ್ಚಿದ ಮೇಲೆ ನನ್ನ ಚೀಲದಲ್ಲಿದ್ದ ಹೊಸ ವೈರನ್ನು ಚುಚ್ಚಿ ಬಟನ್ ಒತ್ತಿದೆ. ಅದೇ ಬೀಪ್. ಕೆಂಪು ಟೇಪಿನ ಹಳೆಯ ವೈರು ಕೊರಳಲ್ಲೇ ಇತ್ತು. ತೆಗೆದುಕೊಂಡು ಹೋಗಲೇ ಅಂತ ಕೇಳುವ ಧೈರ್ಯ ಬರಲಿಲ್ಲ. ಹಾಗೇ ಎದ್ದು ಬಂದೆ, ಅವರೂ ತಡೆಯಲಿಲ್ಲ. ಮತ್ತೆ ಆ ಮನೆಯಿಂದ ನನಗೆ ಫೋನು ಬಂದಿಲ್ಲ.

ಇದಾಗಿ ಏಳು ವರ್ಷ. ಇಂಜಿನಿಯರಿಂಗ್ ಓದಿದ ಒಬ್ಬನಿಗೆ ಹೇಳಿದೆ. ಒಳಗೆ ಉಳಿದ ಕರೆಂಟಿನಿಂದ ಫ್ಯಾನು ತಿರುಗಿದೆ ಅಂದ. ಆ ಕರೆಂಟಿಗೆ ಫ್ಯಾನು ಒಂದು ಸಲ ಅಲುಗಬಹುದು, ಅದು ನನಗೂ ಗೊತ್ತು. ಬೀಪ್ ಹೇಗೆ ಬಂತು ಅಂದೆ. ಭ್ರಮೆ ಅಂದ. ಮೂರು ಜನರಿಗೆ ಒಟ್ಟಿಗೇ ಭ್ರಮೆಯಾಗುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನಾನು ಕಾಣೆ. ಅದು ಬೈಗುಳವೋ, ಕ್ಷಮೆಯೋ, ಬರಿಯ ಯಂತ್ರದ ದೋಷವೋ ಅಂತ ಇಂದಿಗೂ ತಿಳಿದಿಲ್ಲ. ವೈರು ಕೊರಳಿಗೆ ಹಾಕದೆ ಈಗ ನಾನು ಯಾವ ಪೆಟ್ಟಿಗೆಯನ್ನೂ ಬಿಚ್ಚುವುದಿಲ್ಲ. ಆ ಮ್ಯಾನೇಜರು ಈಗಲೂ ನಗುತ್ತಾರೆ. ನಗಲಿ.

ಈಗ ನನ್ನ ಹತ್ತಿರ ಇರುವುದು: ಶಿರಸಿಯಲ್ಲಿ ಅಂಗಡಿ ಒಂದು, ಮೇಜು ಎರಡು, ಸ್ಕ್ರೂಡ್ರೈವರ್ ಸೆಟ್ಟು ಮೂರು, ಕಾಯಂ ಕೆಲಸದ ಆಫೀಸು ಒಂಬತ್ತು, ಕೆಂಪು ಟೇಪಿನ ವೈರು ಒಂದು.