ಮೀನಿಲ್ಲದ ತೊಟ್ಟಿಗೆ ಊಟ

ಇವತ್ತು ಬೆಳಿಗ್ಗೆ ನಮ್ಮ ಹೊಸ ಅಕ್ವೇರಿಯಂನ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ನೋಡುತ್ತ ನಿಂತವಳಿಗೆ ಆಲೆಟ್ಟಿಯ ಅಜ್ಜಿಮನೆಯ ಬಾವಿ ನೆನಪಾಯಿತು.

ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಸುವಾಗ ಅಜ್ಜಿ ಅದರೊಳಗಿನ ಮೀನುಗಳನ್ನು ಹಳೆಯ ನೀರು ತುಂಬಿದ ಹಂಡೆಗೆ ಬಿಡುತ್ತಿದ್ದರು. ಪಾಚಿ ಹಿಡಿದ ಕೆಲವು ಕಲ್ಲುಗಳನ್ನೂ ಅದರಲ್ಲೇ ಇಡುತ್ತಿದ್ದರು. ಒಂದು ಸಲ ಬಾವಿಗೆ ಹೊಸ ನೀರು ಬಂದ ಕೂಡಲೇ ನಾನು ಹಂಡೆ ಎಳೆಯತೊಡಗಿದೆ. ನನ್ನ ಮೆಚ್ಚಿನ ಮೀಸೆ ಮೀನು ಹಂಡೆಯಲ್ಲೇ ಸತ್ತುಹೋದೀತೆಂಬ ಹೆದರಿಕೆ ನನಗೆ.

“ನೀರು ಚಂದ ಉಂಟಲ್ಲ ಅಜ್ಜಿ, ಬಿಡುವ.”

“ಚಂದ ನಮ್ಮ ಕಣ್ಣಿಗೆ ಮಾರಾಯ್ತಿ. ಮೊದಲು ಪಾಚಿ ಕಲ್ಲು ಬಾವಿಗೆ ಹೋಗ್ಲಿ. ನೀರು ಸ್ವಲ್ಪ ಹಳತಾಗ್ಲಿ. ಮತ್ತೆ ನಿನ್ನ ಮೀಸೆಯವನನ್ನು ಕಳಿಸುವ.”

ಅಜ್ಜಿ ಹೇಳಿದ ಹಾಗೆಯೇ ಕಾದೆವು. ಮೀನು ಬದುಕಿತು.

ಈಗ ನನ್ನ ತಮ್ಮ ಮೀನು ತರಲು ಹೊರಟು ಬೈಕಿನ ಕೀ ಹುಡುಕುತ್ತಿದ್ದ. ನಾನು ಫಿಲ್ಟರ್ ಹಾಕಿ, ನೀರಿಗೆ ಚಿಟಿಕೆ ಮೀನಿನ ಆಹಾರ ಉದುರಿಸಿದೆ. ಅದು ಕೊಳೆತು, ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಮೊದಲು ಬೆಳೆಯಬೇಕು.

“ಮೀನೇ ಇಲ್ಲ, ಊಟ ಯಾರಿಗಕ್ಕ?”

“ನೀರಿಗೆ.”

ಅವನು ಮತ್ತೆ ಸೋಫಾದಡಿ ಬಗ್ಗಿದ. ಕೀ ನನ್ನ ಮುಷ್ಟಿಯಲ್ಲಿತ್ತು. ನೀರು ಸಿದ್ಧವಾಗುವವರೆಗೆ ಕೊಡುವುದಿಲ್ಲ.