ಅವ್ವನನ್ನು ಒದ್ದ ರಜೆ

ನನಗೆ ಒಂದು ಕಡೆ ಕುಂತು ಗೊತ್ತಿಲ್ಲ. ಈಗಲೂ ಕುರ್ಚಿಯಲ್ಲಿ ಕೂತರೆ ಕಾಲು ತಾನೇ ಅಲ್ಲಾಡುತ್ತಿರುತ್ತದೆ. ಹೆಂಡತಿ ನೋಡುವಷ್ಟು ನೋಡಿ, ಬೇಸತ್ತು ಎದ್ದು ಒಳಗೆ ಹೋಗುತ್ತಾಳೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವನು ನಾನು. ಕುಣಿಮಗ್ಗದ ಅಂಚಿಗೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುವುದು ನಮ್ಮ ಮನೆಯ ಕಸುಬು. ಅಪ್ಪ ತುಳಿದರೆ ಬಟ್ಟೆ ಬೆಳೆಯುತ್ತಿತ್ತು, ನಾನು ತುಳಿದರೆ ಎಳೆ ಹರಿಯುತ್ತಿತ್ತು. ಈ ಕಾಲಿಗೆ ಮಗ್ಗ ಒಗ್ಗೂದಿಲ್ಲ, ಓಣಿನೇ ಒಗ್ಗತೈತಿ ಅಂತ ಅಪ್ಪ ಬೈದು ಬೈದು ಸುಮ್ಮನಾದ. ಎಪ್ಪತ್ತರ ದಶಕದಲ್ಲಿ ಒಂದು ದಿನ, ಯಾರಿಗೂ ಹೇಳದೆ ಗದಗ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಬೆಳಗಾವಿಗೆ ಹೋಗಿ ಫೌಜಿಗೆ ಸೇರಿಬಿಟ್ಟೆ.

ಅಲ್ಲಿ ನಮಗೆ ಆಟ ಕಲಿಸುತ್ತಿದ್ದವರು ಒಬ್ಬ ಪಂಜಾಬಿ ಸುಬೇದಾರರು. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕುತ್ತಿಗೆ ಹಿಚುಕಿ ನೋಡಿದರು, ಸಂತೆಯಲ್ಲಿ ಹೋರಿ ನೋಡಿದ ಹಾಗೆ. ನನ್ನದು ಅವರಿಗೆ ಮನಸ್ಸಿಗೆ ಬಂತು. ಬರದೇ ಏನು, ಸೋದರಮಾವನ ಊರಾದ ಲಕ್ಷ್ಮೇಶ್ವರದ ತಾಲೀಮಿನಲ್ಲಿ ಕುಸ್ತಿ ಮಾಡಿ ಮಣ್ಣು ತಿಂದ ಕುತ್ತಿಗೆ ಅದು. ಹೀಗೆ ನಾನು ರಗ್ಬಿಗೆ ಬಿದ್ದೆ.

ಊರಿಗೆ ಬಂದಾಗಲೆಲ್ಲ ಚಹಾದಂಗಡಿಯಲ್ಲಿ ಅದೇ ಪ್ರಶ್ನೆ, ಅದೆಂಥ ಆಟ, ಹುತುತು ಕಬಡ್ಡಿ ಇದ್ದಂಗ ಐತೇನು ಅಂತ. ಹೇಳಿ ಹೇಳಿ ನನ್ನ ಬಾಯಿ ಒಣಗುತ್ತಿತ್ತು. ಇಲ್ಲೂ ಒಮ್ಮೆ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎಂಟು ಮಂದಿ ಇತ್ತ, ಎಂಟು ಮಂದಿ ಅತ್ತ, ಹೆಗಲಿಗೆ ಹೆಗಲು ಕೊಟ್ಟು ಬಗ್ಗಿ ನೂಕಾಡುವುದಕ್ಕೆ ಸ್ಕ್ರಮ್ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಮೂವರು, ಅವರಲ್ಲಿ ನಡುವಿನವನೇ ಹುಕರ್. ಅವನ ಎರಡೂ ಕೈ ಅಕ್ಕಪಕ್ಕದ ಇಬ್ಬರ ಅಂಗಿಯನ್ನು ಗಟ್ಟಿ ಹಿಡಿದಿರಬೇಕು. ಎರಡೂ ಪಡೆಯ ಕಾಲುಗಳ ನಡುವೆ ಚೆಂಡು ಉರುಳಿ ಬಂದಾಗ ಅವನು ಪಾದದಿಂದ ಗೋರಿ ತನ್ನವರ ಕಡೆ ಎಳೆಯಬೇಕು. ಎದುರಿನ ಹುಕರನೂ ಅದೇ ಚೆಂಡಿಗೆ ಕಾಲು ಚಾಚಿರುತ್ತಾನೆ. ಹಾಗಾಗಿ ಚೆಂಡಿಗಿಂತ ಹೆಚ್ಚು ಒದೆ ಒಬ್ಬರದೊಬ್ಬರಿಗೇ ಬೀಳುತ್ತದೆ.

ನಾನು ಮೊದಲು ಪಕ್ಕದಲ್ಲಿ ನಿಲ್ಲುತ್ತಿದ್ದೆ. ನಮ್ಮ ಹುಕರನ ಹೆಗಲು ಮುರಿದಾಗ ನನ್ನನ್ನು ನಡುವೆ ತೂರಿದರು. ಮಗ್ಗಕ್ಕೆ ಒಗ್ಗದ ಕಾಲು ಇಲ್ಲಿ ಒಗ್ಗಿತು. ಚೆಂಡು ನೆಲಕ್ಕೆ ತಾಗುವಷ್ಟರಲ್ಲಿ ನನ್ನ ಪಾದ ಅಲ್ಲಿರುತ್ತಿತ್ತು, ಎದುರಿನವನ ಕಾಲು ಬರುವ ಮೊದಲೇ ಚೆಂಡು ನಮ್ಮ ಕಡೆ ಬಂದಿರುತ್ತಿತ್ತು. ಆಗ ದೇಶದ ಹೆಸರಿನಲ್ಲಿ ಕಾಯಂ ತಂಡ ಅಂತ ಇರಲಿಲ್ಲ. ಫೌಜಿನವರು, ಕಲಕತ್ತಾ ಮುಂಬೈ ಕ್ಲಬ್ಬಿನವರು ಎಲ್ಲರಲ್ಲೂ ಆರಿಸಿ ಹೊರದೇಶಕ್ಕೆ ಕಳಿಸುತ್ತಿದ್ದರು. ಎಂಬತ್ತರ ದಶಕದ ಸುರುವಿನಲ್ಲಿ ಲಂಕೆಗೆ ಹೋಗುವ ತಂಡ ಆರಿಸಲು ಪುಣೆಯಲ್ಲಿ ಆಟ ಇಟ್ಟರು. ಹೋಗಬೇಕೆಂಬ ಹಟ ನನಗೆ ಎಷ್ಟಿತ್ತೆಂದರೆ, ವಾರಗಟ್ಟಲೆ ನಿದ್ದೆಯಲ್ಲೂ ನನ್ನ ಕಾಲು ಚೆಂಡು ಗೋರುತ್ತಿತ್ತು.

ಅಲ್ಲಿ ಎದುರಿನ ಹುಕರನ ಕಾಲೂ ನನ್ನಷ್ಟೇ ಚುರುಕಿತ್ತು. ಮೊದಲ ಸ್ಕ್ರಮ್ಮಿನಲ್ಲೇ ನನ್ನ ಬೂಟು ಎದುರಿನವನ ಮೊಣಕಾಲ ಕೆಳಗೆ ಬಡಿಯಿತು. ಬಡಿದದ್ದೇ ತಡ, ನನ್ನ ಬಲಗೈ ಪಕ್ಕದವನ ಅಂಗಿ ಬಿಟ್ಟು, ಆ ಎದುರಿನವನನ್ನು ಮುಟ್ಟಿ, ನನ್ನ ಕಣ್ಣಿಗೆ ಬಂತು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮನುಷ್ಯರಿಗಷ್ಟೇ ಅಲ್ಲ, ಪುಸ್ತಕಕ್ಕೆ, ಜೋಳಕ್ಕೆ, ಮಗ್ಗದ ಲಾಳಿಗೆ ತಾಗಿದರೂ ಅಷ್ಟೇ. ಮರೆತಾಗಲೆಲ್ಲ ಅವ್ವ ತಲೆಗೆ ಕುಟ್ಟಿ ಕುಟ್ಟಿ ಕಲಿಸಿದ್ದಳು. ನನ್ನ ಕೈ ಸರಿದದ್ದೇ ಪಕ್ಕದವನು ತಲೆಕೆಳಗಾಗಿ ಬಿದ್ದ, ಅವನ ಮೇಲೆ ಉಳಿದವರೆಲ್ಲ ಬಿದ್ದರು. ಅವನು ಕುತ್ತಿಗೆ ಹಿಡಿದುಕೊಂಡು ಬಹಳ ಹೊತ್ತು ಏಳಲಿಲ್ಲ. ಆಮೇಲಿನ ಸ್ಕ್ರಮ್ಮಿನಲ್ಲೂ ಅದೇ ಆಯಿತು.

ಸುಬೇದಾರರು ಕರೆದು ಕೇಳಿದರು. ಇದ್ದದ್ದನ್ನು ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ತಮ್ಮ ತಾಯಿಯೂ ಹಾಗೇ ಕಲಿಸಿದ್ದಾಳೆ, ಆದರೆ ಕೈ ಬಿಟ್ಟರೆ ಒಂದು ದಿನ ಯಾರದಾದರೂ ಕುತ್ತಿಗೆ ಮುರಿಯುತ್ತದೆ ಎಂದರು. ಮುಂದಿನ ತಿಂಗಳು ಇನ್ನೊಂದು ಆಟ ಇದೆ, ರಜೆ ಮೇಲೆ ಊರಿಗೆ ಹೋಗಿ ಈ ರೂಢಿ ಬಿಡಿಸಿಕೊಂಡು ಬಾ, ಇಲ್ಲದಿದ್ದರೆ ಲಂಕೆಯ ಮಾತು ಮರೆತುಬಿಡು ಎಂದು ಕಳಿಸಿದರು.

ಬೆಟಗೇರಿಗೆ ಬಂದು ನಾನು ಬಾಲ ಸುಟ್ಟ ಬೆಕ್ಕಿನಂತೆ ತಿರುಗಿದೆ. ಮನೆಯಲ್ಲಿ ಕಾರಣ ಹೇಳಲಿಲ್ಲ. ಏನಂತ ಹೇಳುವುದು, ಅವ್ವ ನೀ ಕಲಿಸಿದ್ದು ನನಗೆ ಅಡ್ಡ ಬಂದಿದೆ ಅಂತಲೋ? ಒಂದು ದಿನ ಸುಮ್ಮನೆ ಮುಂಡರಗಿ ಬಸ್ಸು ಹತ್ತಿದೆ, ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಬಸ್ಸಿನ ತುಂಬ ಮಂದಿ, ಚೀಲ, ಕಾಲಿಡಲು ಜಾಗವಿಲ್ಲ. ಬೇಕಂತಲೇ ಒಬ್ಬ ಮುದುಕನ ಕಾಲಿಗೆ ಕಾಲು ತಾಗಿಸಿ, ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತೆ. ಅರೆಗಳಿಗೆ ನಿಂತಿತು. ಆಮೇಲೆ ಕೈ ಕಿತ್ತುಕೊಂಡು ಬಂದು ಮುದುಕನನ್ನು ಮುಟ್ಟಿ ಕಣ್ಣಿಗೆ ಹೋಯಿತು. ಇರಲಿ ಬಿಡಪಾ ಎಂದು ಅವನು ನಕ್ಕ. ಅವನ ನಗು ನೋಡಿ ನನಗೆ ಸಿಟ್ಟು ಬಂತು, ಕಪ್ಪತಗುಡ್ಡ ಕಾಣುವಷ್ಟರಲ್ಲೇ ಇಳಿದು ವಾಪಸು ಬಸ್ಸಿಗೆ ಕಾದೆ.

ಮರುದಿನ ಲಕ್ಷ್ಮೇಶ್ವರಕ್ಕೆ ಹೋದೆ. ನನಗೆ ಕುಸ್ತಿ ಕಲಿಸಿದ ಉಸ್ತಾದರು ತಾಲೀಮಿನ ಕಟ್ಟೆಯ ಮೇಲೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಅವರಿಗೆ ವಯಸ್ಸಾಗಿತ್ತು, ಆದರೂ ತೋಳು ಕರಗಿರಲಿಲ್ಲ. ಎಲ್ಲ ಕೇಳಿಕೊಂಡರು. ಕೈ ಏಳದ ಹಾಗೆ ಮಾಡಿಕೊಡಿ ಎಂದಾಗ ಮುಖ ಗಂಟಿಕ್ಕಿದರು.

"ಪಟ್ಟು ಕೇಳು, ಕಲಸ್ತೀನಿ. ಬೇಅದಬಿ, ಮರ್ಯಾದಿ ಬಿಡೂದು, ನನ್ನ ತಾಲೀಮಿನ್ಯಾಗ ಕಲಸಂಗಿಲ್ಲ."

ನನ್ನ ಗುರುಗಳು ಅವರು, ತಿರುಗಿ ಮಾತಾಡುವ ಹಾಗಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಅಲ್ಲಿಂದ ಶಿರಹಟ್ಟಿಗೆ, ಅಕ್ಕನ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತ ನನ್ನ ಗೋಳು ಕೇಳಿ, ನಗು ತಡೆಯಲಾರದೆ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಒದೆಯುವುದೂ ಒಂದು ನೌಕರಿಯೇ ಎಂದಳು. ಉಣ್ಣದೆ ಎದ್ದು ಹೊರಟೆ. ಅವಳಿಗೆ ಕೆಟ್ಟೆನಿಸಿತೋ ಏನೋ, ಬೆಟಗೇರಿ ಸಂತೆಗೆ ಬರುವ ಬಳೆಗಾರನ ಕೈಯಲ್ಲಿ ಅವ್ವನಿಗೆ ಎಲ್ಲ ಹೇಳಿ ಕಳಿಸಿದಳು.

ಅವ್ವನಿಗೆ ಸುದ್ದಿ ಮುಟ್ಟಿತು. ಆ ದಿನ ರಾಟಿ ತಿರುಗಿಸಿ, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಲೇ ಇದ್ದಳು. ಮರುದಿನ ಅಪ್ಪ ಹಾಸು ಮುಗಿಸಿ ಸೀರೆ ಕೊಯ್ದು, ಮಗ್ಗ ಖಾಲಿಯಾಯಿತು. ಆಗ ಅವ್ವ ನನ್ನನ್ನು ಕರೆದು ಕುಣಿಯ ಒಂದು ಅಂಚಿಗೆ ಕೂರಿಸಿದಳು. ನನ್ನ ಎರಡೂ ಕೈಗೆ ಮಗ್ಗದ ಎರಡು ಕಂಬ ಹಿಡಿಸಿದಳು. ತಾನು ಎದುರಿನ ಅಂಚಿಗೆ ಕೂತು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಕಾಲು ಕುಣಿಯೊಳಗೆ ಬಿಟ್ಟಳು. ಹಳೆ ನೂಲಿನ ಉಂಡೆಯೊಂದನ್ನು ಅಪ್ಪನ ಕೈಗೆ ಕೊಟ್ಟು, ನಮ್ಮ ಕಾಲುಗಳ ನಡುವೆ ಬಿಡಲು ಹೇಳಿದಳು.

"ಕಲಿಸಿದಾಕಿ ನಾನ. ಬಿಡಸಾಕಿನೂ ನಾನ. ಒದಿ."

ಆಗುವುದಿಲ್ಲ ಎಂದೆ. ಹೆತ್ತ ತಾಯಿಯನ್ನು ಒದ್ದು ಯಾವ ದೇಶಕ್ಕೆ ಹೋದರೇನು, ಆಟವೇ ಬೇಡ, ನಾಳೆಯೇ ಸುಬೇದಾರರಿಗೆ ಬರೆದು ಹಾಕುತ್ತೇನೆ ಎಂದೆ. ಎದ್ದು ನಿಲ್ಲಲು ಹೋದವನ ಮೊಣಕಾಲನ್ನು ಅವ್ವ ಒತ್ತಿ ಹಿಡಿದಳು.

"ನಿನ್ನ ಮಗ್ಗಲದಾಂವ ಕುತ್ತಿಗಿ ಮುರಕೊಂಡು ಬಿದ್ದಮ್ಯಾಲ, ಅವರವ್ವನ ಕಾಲು ಹಿಡಿಯಾಕ ಹೋಗತಿಯೇನು?"

ಪುಣೆಯಲ್ಲಿ ಕುತ್ತಿಗೆ ಹಿಡಿದುಕೊಂಡು ಬಿದ್ದವನ ಮುಖ ಕಣ್ಣೆದುರು ಬಂತು. ಮತ್ತೆ ಕೂತು ಕಂಬ ಹಿಡಿದೆ. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಉಂಡೆ ಬಿಟ್ಟ. ಒದ್ದೆ. ಉಂಡೆಗೆ ಹತ್ತಬೇಕಾದ ಕಾಲು ಅವ್ವನ ಕಾಲಿಗೆ ಬಡಿಯಿತು, ಕೈ ತಟ್ಟನೆ ಕಂಬ ಬಿಟ್ಟಿತು. ಅವ್ವ ಮತ್ತೆ ಹಿಡಿಸಿದಳು. ಕೈ ಕಟ್ಟಿಹಾಕು ಎಂದು ನಾನೇ ಅಂಗಲಾಚಿದೆ. ಕಟ್ಟಿದರೆ ಹಗ್ಗ ಕಲಿಯುತ್ತದೆ, ನೀ ಕಲಿಯುವುದಿಲ್ಲ ಎಂದು ಒಪ್ಪಲಿಲ್ಲ. ಉಂಡೆಗಾಗಿ ತಾನೂ ಕಾಲು ಚಾಚುತ್ತಿದ್ದಳು, ಜೋರಾಗಿಯೇ. ಆ ಮಗ್ಗದ ಮನೆಯಲ್ಲಿ ರಜೆ ಮುಗಿಯುವವರೆಗೆ ದಿನಾ ಬೆಳಿಗ್ಗೆ ನಡೆದದ್ದು ಇದೇ. ನೆರೆಯವರು ಇಣುಕಿದರೆ ಅವ್ವ ಬಾಗಿಲು ಮುಂದೆ ಮಾಡುತ್ತಿದ್ದಳು. ಕೊನೆಕೊನೆಗೆ ನನ್ನ ಕೈ ಕಂಬದ ಮೇಲೆ ನಡುಗುತ್ತಿತ್ತು, ಆದರೆ ಬಿಡುತ್ತಿರಲಿಲ್ಲ. ಆಮೇಲೆ ನಡುಕವೂ ನಿಂತಿತು. ಅವ್ವ ಕಾಲು ಬಾತು ಕುಂಟುತ್ತಿದ್ದಳು. ಓಣಿಯವರು ಕೇಳಿದರೆ ವಾಯು ಎಂದು ಹೇಳುತ್ತಿದ್ದಳು.

ಹೊರಡುವ ದಿನ ಹೊಸ್ತಿಲಲ್ಲಿ ಅವ್ವನ ಪಾದಕ್ಕೆ ಬಗ್ಗಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಈಗ ಬ್ಯಾಡ. ಕೈಗೆ ಮತ್ತ ನೆಪ್ಪಾಗತೈತಿ. ಆಡಿ ಬಾ."

ಗದಗ ಸ್ಟೇಶನ್ನಿಗೆ ಹೋಗುವ ದಾರಿಯುದ್ದಕ್ಕೂ ನನಗೆ ಅಳು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಆಶೀರ್ವಾದವಿಲ್ಲದೆ ಮನೆ ಬಿಟ್ಟದ್ದು ಎರಡೇ ಸಲ. ಮೊದಲ ಸಲ ನಾನೇ ಕದ್ದು ಹೋಗಿದ್ದೆ.

ಪುಣೆಯ ಆಟದಲ್ಲಿ ಕೈ ಬಿಡಲಿಲ್ಲ. ನನ್ನನ್ನು ಆರಿಸಿದರು. ಪುಣೆಯಿಂದಲೇ ನೇರ ಲಂಕೆಗೆ ಹೋದೆವು. ಅಲ್ಲಿ ಎದುರಿನ ಹುಕರ್ ನನ್ನ ಹಾಗೇ ಗಿಡ್ಡ, ಕಪ್ಪು, ದಪ್ಪ ಕುತ್ತಿಗೆಯವನು. ಅವನ ಕಾಲನ್ನು ಎಷ್ಟು ಒದ್ದೆನೋ ದೇವರಿಗೇ ಗೊತ್ತು. ನನ್ನ ಕೈ ಜಪ್ಪಯ್ಯ ಅಂದರೂ ಕದಲಲಿಲ್ಲ, ಚೆಂಡೆಲ್ಲ ನಮ್ಮ ಕಡೆಗೇ ಬಂತು. ಸುಬೇದಾರರು ಅಪ್ಪಿಕೊಂಡರು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ, ಆದರೆ ಅದರ ಬೆನ್ನಿಗೇ, ಅಷ್ಟು ಒದ್ದರೂ ಏಳದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಮುಂದೆ ಇನ್ನೂ ಒಂದೆರಡು ದೇಶದ ಹುಲ್ಲು ತುಳಿದೆ. ದಶಕ ಮುಗಿಯುವ ಮುಂಚೆ ಕುತ್ತಿಗೆಯ ಎಲುಬು ಸವೆದು ಆಟ ಬಿಟ್ಟೆ.

ಲಂಕೆಯಿಂದ ಬಂದವನು ಸಿಕ್ಕ ಮೊದಲ ರಜೆಗೆ ಮನೆಗೆ ಓಡಿದೆ. ಅವ್ವ ರಾಟಿಯ ಮುಂದೆ ಕೂತಿದ್ದಳು. ನನ್ನನ್ನು ನೋಡಿ ನೂಲು ಬದಿಗಿಟ್ಟು, ಎರಡೂ ಕಾಲು ಮುಂದೆ ಚಾಚಿದಳು. ಮೊಣಕಾಲ ಕೆಳಗೆ ಕಪ್ಪು ಕಲೆಗಳು ಹಾಗೇ ಇದ್ದವು. ನಾನು ಮುಂದೆ ಕುಕ್ಕರಗಾಲಲ್ಲಿ ಕೂತೆ. ಮೊದಲಾದರೆ ಕೈ ತಾನೇ ಓಡುತ್ತಿತ್ತು. ಅಂದು ಅದು ನನ್ನ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮುಟ್ಟಬೇಕು ಎಂದು ನಾನು ಅದಕ್ಕೆ ಹೇಳಬೇಕಾಯಿತು, ಹೇಳಿದರೂ ತಡವಾಯಿತು. ಆ ತಡವನ್ನು ಅವ್ವ ಕಂಡಳು. ನಾನು ತಲೆ ತಗ್ಗಿಸಿ ಅಳಲು ಸುರು ಮಾಡಿದೆ.

ಅವ್ವ ನನ್ನ ಮಣಿಕಟ್ಟು ಹಿಡಿದು, ಬೆರಳುಗಳನ್ನು ತನ್ನ ಕಾಲಿನ ಕಲೆಗೆ ಮುಟ್ಟಿಸಿ, ನನ್ನ ಕಣ್ಣಿಗೆ ಒತ್ತಿದಳು.

"ಮತ್ತ ಕಲಸ್ತೀನಿ ತಗೋ" ಅಂದಳು.